ಪಂಪು ಓಡ್ತಾ ಇದೆಯಲ್ಲ

ದೋಣಿ ಮಾರಾಟಕ್ಕೆ ಹಾಕುವ ಹಿಂದಿನ ದಿನ ನಾನೂ ನನ್ನ ಗೆಳೆಯನೂ ಜಗಳ ಆಡಿದೆವು. ಬೆಲೆಯ ಬಗ್ಗೆ ಅಲ್ಲ. ದೋಣಿಯ ತಳಕ್ಕೆ ನೀರು ಎಲ್ಲಿಂದ ಬರ್ತಿದೆ ಅಂತ ಹುಡುಕಬೇಕಾ, ಬೇಡವಾ ಅನ್ನೋದರ ಬಗ್ಗೆ.

"ಈಗ್ಯಾಕ ಹುಡುಕೂದು? ಪಂಪ್ ಓಡಾಕತ್ತೈತಲ್ಲ" ಅಂದವನು ನಾನು.

ದೋಣಿ ಎಲ್ಲಿಂದ ಬಂತು ಅಂತ ಮೊದಲು ಹೇಳಿಬಿಡ್ತೀನಿ, ಯಾಕಂದರೆ ನಾನು ಅಂತೂರ ಬೆಂತೂರಿನವನು. ನಮ್ಮ ಕಡೆ ದೋಣಿ ಅಂದರೆ ದನಕ್ಕೆ ನೀರು ಕುಡಿಸೋ ಕಲ್ಲಿನ ತೊಟ್ಟಿ. ಗದಗ ಜಿಲ್ಲೆಯಲ್ಲಿ ಕಪ್ಪತಗುಡ್ಡದ ಬುಡಕ್ಕೆ ಡೋಣಿ ಅನ್ನೋ ಹೆಸರಿನ ಊರೇ ಇದೆ. ಅಲ್ಲೂ ಯಾರ ಮನೆ ಮುಂದೂ ತೇಲೋ ದೋಣಿ ಕಟ್ಟಿದ್ದು ನಾನು ನೋಡಿಲ್ಲ. ಮಳೆ ನಂಬಿ ಜೋಳ, ಕಡಲೆ, ಹತ್ತಿ ಬಿತ್ತೋ ಎರೆ ಸೀಮೆಯ ಹುಡುಗ ದೋಣಿಯ ಮಾಲೀಕನಾಗಿದ್ದು ಕಂಪನಿಯ ಕೃಪೆಯಿಂದ. ಎರಡು ವರ್ಷಕ್ಕೆ ಅಂತ ಮಿಷಿಗನ್‌ಗೆ ಕಳಿಸಿದರು. ಅಲ್ಲಿ ಸಿಕ್ಕ ರಾಣೆಬೆನ್ನೂರಿನ ಗೆಳೆಯನೂ ನಾನೂ ಅರ್ಧರ್ಧ ದುಡ್ಡು ಹಾಕಿ, ಇಪ್ಪತ್ತು ವರ್ಷ ಹಳೆಯದಾದ, ಹದಿನೆಂಟಡಿ ಉದ್ದದ ಒಂದು ಸ್ಟರ್ನ್‌ಡ್ರೈವ್ ದೋಣಿ ತಗೊಂಡೆವು. ಸೇಂಟ್ ಕ್ಲೇರ್ ಸರೋವರದಲ್ಲಿ ಎರಡು ಬೇಸಗೆ ಓಡಾಡಿದೆವು. ಡೆಟ್ರಾಯಿಟ್ ಕಡೆಯ ಕನ್ನಡ ಕೂಟಕ್ಕೆ ಪಂಪ ಅಂತ ಹೆಸರು. ನಾವಿಬ್ಬರು ಮಾತ್ರ ಅಲ್ಲಿದ್ದಷ್ಟು ದಿನ ಕೇಳಿದ್ದು ಬೇರೆ ಪಂಪಿನ ದನಿ.

ಸ್ಟರ್ನ್‌ಡ್ರೈವ್ ಅಂದರೆ ಏನು ಅಂತ ಗೊತ್ತಾದರೆ ನೀರು ಯಾಕೆ ಸೋರುತ್ತೆ ಅನ್ನೋದು ತಾನೇ ಗೊತ್ತಾಗುತ್ತೆ. ಎಂಜಿನ್ನು ಪೂರ್ತಿ ಹೊರಗೆ, ಹಿಂಬದಿಯ ಗೋಡೆಗೆ ನೇತಾಡ್ತಿದ್ದರೆ ಅದು ಔಟ್‌ಬೋರ್ಡ್. ಮೀನುಗಾರರ ದೊಡ್ಡ ಬೋಟಿನ ಹಾಗೆ ಎಂಜಿನ್ನು ಹೊಟ್ಟೆಯೊಳಗಿದ್ದು, ಉದ್ದದ ಶಾಫ್ಟ್ ತಳ ತೂರಿ ಹೊರಗೆ ಹೋದರೆ ಇನ್‌ಬೋರ್ಡ್. ಸ್ಟರ್ನ್‌ಡ್ರೈವ್ ಇವೆರಡರ ನಡುವಿನ ಸಂಸಾರ. ಕಾರಿನಂಥ ಎಂಜಿನ್ನು ಒಳಗೆ, ಫ್ಯಾನು ಹೊತ್ತ ಕಾಲು ಹೊರಗೆ. 1959ರಲ್ಲಿ ವೋಲ್ವೊ ಪೆಂಟಾದವರು ನ್ಯೂಯಾರ್ಕಿನ ಪ್ರದರ್ಶನದಲ್ಲಿ ಇದನ್ನು ಅಕ್ವಾಮ್ಯಾಟಿಕ್ ಅನ್ನೋ ಹೆಸರಲ್ಲಿ ತೋರಿಸಿದರು. ಆಮೇಲೆ ಮರ್ಕ್ರೂಸರ್ ಬಂತು. ಈ ಕಾಲು ಎಡಕ್ಕೆ ಬಲಕ್ಕೆ ಹೊರಳಬೇಕು, ಮೇಲಕ್ಕೆ ಎತ್ತಬೇಕು, ಅದೇ ಹೊತ್ತಿಗೆ ಎಂಜಿನ್ನಿನ ಶಕ್ತಿ ಅದರೊಳಗೆ ಹರೀಬೇಕು. ಹಾಗಾಗಿ ದೋಣಿಯ ಹಿಂದಿನ ಗೋಡೆಯಲ್ಲಿ, ನೀರಿನ ಮಟ್ಟದ ಹತ್ತಿರವೇ, ಒಂದು ದೊಡ್ಡ ಕಿಂಡಿ ಕೊರೀತಾರೆ. ಆ ಕಿಂಡಿಗೂ ಸರೋವರಕ್ಕೂ ನಡುವೆ ಇರೋದು ಮಡಿಕೆ ಮಡಿಕೆಯ ರಬ್ಬರ್ ಕೊಳವೆ. ಬೆಲೋಸ್ ಅಂತಾರೆ. ಗದಗಿನವರಿಗಾದರೆ ಹಾರ್ಮೋನಿಯಂ ತಿದಿ ಅಂದರೆ ಸಾಕು. ರಬ್ಬರು ಅಂದ ಮೇಲೆ ಅದಕ್ಕೂ ವಯಸ್ಸಾಗುತ್ತೆ. ಬಿಸಿಲಿಗೆ ಒಣಗುತ್ತೆ, ಕಾಲನ್ನು ಮೇಲೆತ್ತಿ ತಿಂಗಳುಗಟ್ಟಲೆ ಬಿಟ್ಟರೆ ಮಡಿಕೆಯಲ್ಲಿ ಸೀಳುತ್ತೆ. ಅಲ್ಲಿನ ಕೆರೆಗಳಲ್ಲಿ ಮಸ್ಕ್‌ರ‍್ಯಾಟ್ ಅನ್ನೋ ಹೆಗ್ಗಣದಂಥ ಪ್ರಾಣಿ ಒಂದಿದೆ, ಅದು ಈ ರಬ್ಬರನ್ನ ಕಡಿಯೋದೂ ಉಂಟು.

ಒಳಗೆ ಬಂದ ನೀರೆಲ್ಲ ಹೋಗಿ ನಿಲ್ಲೋದು ಬಿಲ್ಜ್ ಅನ್ನೋ ತಗ್ಗಿನ ಜಾಗದಲ್ಲಿ. ಅಲ್ಲೊಂದು ಪುಟ್ಟ ಪಂಪು ಕೂತಿರುತ್ತೆ. ಪಕ್ಕದಲ್ಲೊಂದು ತೇಲುವ ಸ್ವಿಚ್ಚು. ನೀರು ಏರಿದರೆ ಸ್ವಿಚ್ಚು ಏಳುತ್ತೆ, ಪಂಪು ಗುರ್ ಅನ್ನುತ್ತೆ, ಹೊರಗಡೆ ಒಂದು ತೂತಿನಿಂದ ನೀರು ಚಿಮ್ಮುತ್ತೆ, ಮತ್ತೆ ಮೌನ. ಕೀಲಿ ತೆಗೆದುಕೊಂಡು ಮನೆಗೆ ಹೋದರೂ ಅದು ಬ್ಯಾಟರಿಯಿಂದ ನೇರ ಕರೆಂಟು ತಗೊಂಡು ಕೆಲಸ ಮಾಡ್ತಾನೇ ಇರುತ್ತೆ. ಮನುಷ್ಯ ಮಾಡಿದ ಕರುಣೆಯ ಯಂತ್ರಗಳಲ್ಲಿ ಇದೂ ಒಂದು. ಆದರೆ ಈ ಕರುಣೆಗೆ ಬ್ಯಾಟರಿ ಇರೋವಷ್ಟೇ ಆಯುಷ್ಯ. ರಾತ್ರಿಯೆಲ್ಲ ಓಡಿ ಬ್ಯಾಟರಿ ಸತ್ತಾಗ ನೀರಿಗೆ ಅದು ಗೊತ್ತಾಗಲ್ಲ, ಅದು ಬರ್ತಾನೇ ಇರುತ್ತೆ. ಇಂಥ ದೋಣಿಗಳು ಓಡುವಾಗ ಮುಳುಗೋದಕ್ಕಿಂತ ದಡಕ್ಕೆ ಕಟ್ಟಿದ್ದಲ್ಲೇ, ಯಾರೂ ನೋಡದಾಗ ಮುಳುಗೋದು ಹೆಚ್ಚು. ತೂತು ಎಷ್ಟು ಚಿಕ್ಕದು ಅನ್ನೋದೂ ಮೋಸ. ನೀರಿನ ಮಟ್ಟಕ್ಕಿಂತ ಒಂದಡಿ ಕೆಳಗೆ ಒಂದಿಂಚಿನ ತೂತಿದ್ದರೆ ನಿಮಿಷಕ್ಕೆ 40 ಲೀಟರಿಗೂ ಹೆಚ್ಚು ನೀರು ಒಳಗೆ ಬರುತ್ತೆ. ಅಂದರೆ ನಿಮಿಷಕ್ಕೆ ಸುಮಾರು ಮೂರು ಕೊಡ. ಬೇಸಗೆಯಲ್ಲಿ ಒಂದು ಕೊಡಕ್ಕೆ ನಳದ ಮುಂದೆ ಪಾಳಿ ನಿಂತವನಿಗೆ ಈ ಲೆಕ್ಕ ತಲೇಲಿ ಉಳಿಯುತ್ತೆ.

ನಮ್ಮದರಲ್ಲಿ ಅಷ್ಟೇನೂ ಬರ್ತಿರಲಿಲ್ಲ. ಕಟ್ಟಿ ನಿಲ್ಲಿಸಿದಾಗ ಗಂಟೆಗೊಮ್ಮೆ, ಎರಡು ಗಂಟೆಗೊಮ್ಮೆ ಗುರ್. ಮೊದಲ ಬೇಸಗೆಯಲ್ಲಿ ಆ ಸದ್ದಿಗೆ ಎದೆ ಝಲ್ ಅಂತಿತ್ತು. ಎರಡನೆಯದರಲ್ಲಿ ಕೇಳಿಸೋದೇ ನಿಂತುಹೋಯ್ತು.

ನಾನು ಬೆಂಗಳೂರಿಗೆ ವಾಪಸ್ ಬರೋ ದಿನ ಹತ್ತಿರ ಬಂತು, ಗೆಳೆಯ ಮನೆ ಕೊಳ್ಳೋ ತಯಾರಿಯಲ್ಲಿದ್ದ. ದೋಣಿ ಮಾರೋಣ ಅಂತಾಯ್ತು. ಆಗ ಅವನು, "ಮೊದಲ ನೀರು ಎಲ್ಲಿಂದ ಬರತೈತಿ ನೋಡೋಣು" ಅಂದ. ನನ್ನ ವಾದ ಹೀಗಿತ್ತು. ಕೊಳ್ಳೋನು ಕೇಳಿದರೆ ಸ್ವಲ್ಪ ನೀರು ಬರುತ್ತೆ ಅಂತ ಹೇಳೋಣ. ಪಂಪು ಚೆನ್ನಾಗಿದೆ ಅಂತ ಹೇಳೋಣ. ಎಲ್ಲಿಂದ ಅಂತ ಕೇಳಿದರೆ ಗೊತ್ತಿಲ್ಲ ಅನ್ನೋಣ. ಮೂರೂ ನಿಜ! ಇದರಲ್ಲಿ ಸುಳ್ಳೆಲ್ಲಿದೆ? ಅದೇ, ಹುಡುಕಿ ಗೊತ್ತು ಮಾಡಿಕೊಂಡರೆ ಹೇಳಬೇಕಾಗುತ್ತೆ. ಹೇಳಿದರೆ ಬೆಲೆ ಇಳಿಯುತ್ತೆ, ಇಲ್ಲಾ ನಾವೇ ರಿಪೇರಿ ಮಾಡಿಸಬೇಕಾಗುತ್ತೆ. ಇದ್ದದ್ದು ಇದ್ದ ಹಾಗೆ ಅಂತ ಬರೆದು ಮಾರೋದು ಅಲ್ಲಿ ರೂಢಿ.

ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, "ಗೊತ್ತಿಲ್ಲ ಅನ್ನೂದಕ್ಕೂ ಗೊತ್ತು ಮಾಡ್ಕೊಳ್ಳಾಂಗಿಲ್ಲ ಅನ್ನೂದಕ್ಕೂ ಫರಕ್ ಇಲ್ಲೇನಲೇ?" ಅಂದ.

ಕೋಪ ಬಂತು. ಕೋಪ ಬಂದಿದ್ದೇ ಅವನು ಸರಿಯಾದ ಜಾಗಕ್ಕೆ ಕೈ ಹಾಕಿದ್ದಾನೆ ಅನ್ನೋದಕ್ಕೆ ಸಾಕ್ಷಿ. ಆ 'ಗೊತ್ತಿಲ್ಲ'ವನ್ನ ನಾನು ಎರಡು ಬೇಸಗೆ ಜೋಪಾನ ಮಾಡಿ ಇಟ್ಟುಕೊಂಡಿದ್ದೆ. ಎಂಜಿನ್ ಮುಚ್ಚಳ ತೆಗೆದಾಗೆಲ್ಲ ಆಯಿಲ್ ನೋಡಿ ತಕ್ಷಣ ಮುಚ್ಚುತ್ತಿದ್ದೆ. ಹಿಂದಿನ ಗೋಡೆಯ ಕಡೆ ಟಾರ್ಚ್ ಹಿಡಿದವನೇ ಅಲ್ಲ. ಹಾಗೆ ನೋಡಿದರೆ ಅಷ್ಟು ಎಚ್ಚರಿಕೆಯಿಂದ ನೋಡದೇ ಇರಬೇಕಾದರೆ, ನೋಡಬಾರದ್ದು ಎಲ್ಲಿದೆ ಅಂತ ಅಂದಾಜು ಇರಲೇಬೇಕಲ್ಲ?

ಆ ರಾತ್ರಿ ನೆನಪಾಗಿದ್ದು ಅವ್ವನ ತವರೂರು. ಅದು ಮುಂಡರಗಿ ತಾಲೂಕಿನಲ್ಲಿ, ಹಮ್ಮಿಗಿಯಿಂದ ಬಹಳ ದೂರವಲ್ಲ, ತುಂಗಭದ್ರೆಯ ದಂಡೆ. ಬೇಸಗೆ ರಜೆಗೆ ಹೋದರೆ ನಮಗೆ ಹೊಳೆಯೇ ಸಾಲಿ. ಅಲ್ಲೊಬ್ಬ ಅಂಬಿಗರ ಕಾಕಾ ಇದ್ದ. ಅವನದು ಹರಿಗೋಲು, ಬಿದಿರು ಹೆಣೆದ ದೊಡ್ಡ ದುಂಡನೆ ಬುಟ್ಟಿ. 1520ರ ಸುಮಾರಿಗೆ ವಿಜಯನಗರಕ್ಕೆ ಬಂದ ಪೋರ್ಚುಗೀಸ್ ಪ್ರವಾಸಿ ದೊಮಿಂಗೊ ಪಾಯಸ್ ಇದೇ ಹೊಳೆಯ ಮೇಲೆ, ಆನೆಗೊಂದಿಯಲ್ಲಿ, ಇಂಥದ್ದೇ ಬುಟ್ಟಿ ದೋಣಿಗಳನ್ನ ಕಂಡು ಬರೆದಿದ್ದಾನೆ. ಒಳಗೆ ಬೆತ್ತ, ಹೊರಗೆ ಚರ್ಮ, ಹದಿನೈದಿಪ್ಪತ್ತು ಮಂದಿ ಹಿಡೀತಾರಂತೆ, ಕುದುರೆ ಎತ್ತುಗಳನ್ನೂ ದಾಟಿಸ್ತಾರಂತೆ. ಕಾಕಾನ ಕಾಲಕ್ಕೆ ಚರ್ಮ ಹೋಗಿ ತಾಡಪಾಲು, ಗೊಬ್ಬರದ ಪ್ಲಾಸ್ಟಿಕ್ ಚೀಲ, ಮೇಲೆ ಕಾಯಿಸಿದ ಡಾಂಬರು ಬಂದಿತ್ತು.

ಬೆಳಿಗ್ಗೆ ಅವನು ಹರಿಗೋಲನ್ನ ಮಗುಚಿ ತಲೆ ಮೇಲೆ ಹೊತ್ತುಕೊಂಡು ದಂಡೆಗೆ ಬರ್ತಿದ್ದ. ದೂರದಿಂದ ನೋಡಿದರೆ ಆಮೆಯೊಂದು ಎರಡು ಕಾಲ ಮೇಲೆ ನಡೀತಿರೋ ಹಾಗೆ. ದಂಡೆಗೆ ಬಂದರೂ ತಕ್ಷಣ ಇಳಿಸ್ತಿರಲಿಲ್ಲ. ಬಿಸಿಲಿಗೆ ಬೆನ್ನು ಮಾಡಿ ನಿಂತು, ಬುಟ್ಟಿಯ ಒಳಗೇ ಕತ್ತೆತ್ತಿ, ನಿಧಾನಕ್ಕೆ ತಿರುಗ್ತಿದ್ದ. ಒಮ್ಮೆ ನನ್ನನ್ನೂ ಒಳಗೆ ಕರೆದ. ಕತ್ತಲು, ಡಾಂಬರಿನ ವಾಸನೆ, ಮೇಲೆ ಎರಡು ಚುಕ್ಕಿ ಬೆಳಕು. "ನೋಡ್ ತಮ್ಮಾ, ಬೆಳಕ ಬಂದಲ್ಲೆ ನೀರ ಬರತೈತಿ" ಅಂದ. ಚುಕ್ಕಿಯ ಮೇಲೆ ಒಳಗಿಂದ ಬೆರಳಿಟ್ಟು, ಹೊರಗಿಂದ ಅದೇ ಜಾಗಕ್ಕೆ ನನ್ನ ಕೈಯಿಂದ ಡಾಂಬರು ಹಚ್ಚಿಸಿದ.

ಇನ್ನೊಂದು ಸಂಗತಿ ಆಗ ಅರ್ಥ ಆಗಿರಲಿಲ್ಲ. ಕಾಕಾ ಒಬ್ಬನೇ ಮೀನಿಗೆ ಹೋಗುವಾಗ ಈ ತಪಾಸಣೆಯ ತಲೆನೋವೇ ಇಟ್ಟುಕೊಳ್ತಿರಲಿಲ್ಲ. ಸೋರುವ ಹರಿಗೋಲಲ್ಲೇ ಕೂತು, ಒಂದು ಕೈಯಲ್ಲಿ ಹುಟ್ಟು, ಇನ್ನೊಂದು ಕೈಯಲ್ಲಿ ಡಾಲ್ಡಾ ಡಬ್ಬಿ, ನೀರು ಎತ್ತಿ ಎತ್ತಿ ಚೆಲ್ಲಿಕೊಂಡು ಹೋಗ್ತಿದ್ದ. ಮಂದಿ ಕೂರೋದಿದ್ದ ದಿನ ಮಾತ್ರ ಬುಟ್ಟಿಯನ್ನ ಬಿಸಿಲಿಗೆ ಹಿಡೀತಿದ್ದ. ನನ್ನ ಪಂಪು ಅವನ ಡಾಲ್ಡಾ ಡಬ್ಬಿ ತಾನೇ?

ಈ ಪ್ರಶ್ನೆಯನ್ನ ಇದೇ ರೂಪದಲ್ಲಿ, ಸೋರುವ ಹಡಗನ್ನೇ ಮುಂದಿಟ್ಟುಕೊಂಡು ಕೇಳಿದವನು ಇಂಗ್ಲೆಂಡಿನ ಗಣಿತಜ್ಞ ವಿಲಿಯಂ ಕ್ಲಿಫರ್ಡ್. 1877ರಲ್ಲಿ ಬರೆದ 'ನಂಬಿಕೆಯ ನೀತಿ' ಅನ್ನೋ ಪ್ರಬಂಧದ ಶುರುವಿನಲ್ಲೇ ಒಬ್ಬ ಹಡಗಿನ ಮಾಲೀಕ ಬರ್ತಾನೆ. ಹಡಗು ಹಳೇದು, ಎಷ್ಟೋ ಸಲ ರಿಪೇರಿ ಕಂಡದ್ದು. ದೇಶ ಬಿಟ್ಟು ಹೊರಟ ಬಡ ಸಂಸಾರಗಳು ಅದರಲ್ಲಿ ಹೋಗಬೇಕು. ಅವನಿಗೂ ಅನುಮಾನ ಬರುತ್ತೆ. ಪೂರ್ತಿ ಬಿಚ್ಚಿ ನೋಡಿಸಬೇಕೇನೋ, ಆದರೆ ಖರ್ಚು. ಆಮೇಲೆ ತನಗೆ ತಾನೇ ಸಮಾಧಾನ ಹೇಳಿಕೊಳ್ತಾನೆ. ಇಷ್ಟು ಸಲ ಹೋಗಿ ಬಂದಿದೆ, ಈ ಸಲವೂ ಬರುತ್ತೆ, ದೇವರಿದ್ದಾನೆ, ಕಟ್ಟಿದವರ ಮೇಲೆ ಸುಮ್ಮನೆ ಅನುಮಾನ ಯಾಕೆ. ಹೀಗೆ ಹೇಳಿಕೊಂಡು ಹೇಳಿಕೊಂಡು ಕೊನೆಗೆ ನಿಜವಾಗಿಯೂ ನಂಬಿಬಿಡ್ತಾನೆ. ಹಗುರ ಮನಸ್ಸಿನಿಂದ ಹಡಗು ಬೀಳ್ಕೊಡ್ತಾನೆ. ನಡುನೀರಲ್ಲಿ ಅದು ಮುಳುಗಿದಾಗ ವಿಮೆಯ ಹಣ ತಗೊಳ್ತಾನೆ.

ಕ್ಲಿಫರ್ಡ್ ಹೇಳೋದು, ಇವನ ನಂಬಿಕೆ ಪ್ರಾಮಾಣಿಕವೇ ಇರಬಹುದು, ಆದರೆ ಅಂಥ ಸಾಕ್ಷಿಯ ಮೇಲೆ ಹಾಗೆ ನಂಬೋ ಹಕ್ಕೇ ಅವನಿಗಿರಲಿಲ್ಲ ಅಂತ. ಅಲ್ಲಿಗೆ ನಿಲ್ಲಿಸಿದ್ದರೆ ನಾನೂ ತಲೆದೂಗಿ ಮಲಗ್ತಿದ್ದೆ. ಅವನು ಮುಂದಕ್ಕೆ ಹೋಗ್ತಾನೆ. ಹಡಗು ಮುಳುಗಲಿಲ್ಲ ಅಂತಿಟ್ಟುಕೊಳ್ಳಿ, ಸುಖವಾಗಿ ದಡ ಸೇರ್ತು ಅಂತಿಟ್ಟುಕೊಳ್ಳಿ. ಆಗ ಅವನ ತಪ್ಪು ಕಮ್ಮಿ ಆಗುತ್ತಾ? ಒಂದು ಚೂರೂ ಇಲ್ಲ. ಅವನು ಸಿಕ್ಕಿಬೀಳಲಿಲ್ಲ, ಅಷ್ಟೇ.

ಇದು ಬರೀ ಕಥೆಯ ಹಡಗಲ್ಲ. ಆ ಕಾಲದ ಇಂಗ್ಲೆಂಡಿನಲ್ಲಿ ಶಿಥಿಲವಾದ, ಮಿತಿಮೀರಿ ತುಂಬಿದ ಹಡಗುಗಳನ್ನ ಜನ ಶವಪೆಟ್ಟಿಗೆ ಹಡಗು ಅಂತಲೇ ಕರೀತಿದ್ದರು. ಸಂಸತ್ ಸದಸ್ಯ ಸ್ಯಾಮ್ಯುಯೆಲ್ ಪ್ಲಿಮ್ಸಾಲ್ ವರ್ಷಗಟ್ಟಲೆ ಬಡಿದಾಡಿದ ಮೇಲೆ 1876ರಲ್ಲಿ ಕಾಯ್ದೆ ಬಂತು. ಇವತ್ತಿಗೂ ಹಡಗುಗಳ ಪಕ್ಕೆಯಲ್ಲಿ ಎಷ್ಟು ತುಂಬಬಹುದು ಅಂತ ತೋರಿಸೋ ಗೆರೆ ಇರುತ್ತಲ್ಲ, ಅದಕ್ಕೆ ಅವನದೇ ಹೆಸರು. ಕ್ಲಿಫರ್ಡನ ಪ್ರಬಂಧ ಬಂದಿದ್ದು ಅದರ ಮರುವರ್ಷ.

ಕ್ಲಿಫರ್ಡ್ ಅತಿ ಮಾಡ್ತಾನೆ ಅನ್ನೋರೂ ಇದ್ದಾರೆ. ನಂಗೂ ಹಾಗೇ ಅನ್ನಿಸ್ತು. ಗದಗಿನಿಂದ ಹುಬ್ಬಳ್ಳಿ ಬಸ್ ಹತ್ತುವಾಗ ಬ್ರೇಕ್ ನೋಡ್ತೀವಾ? ಎಲ್ಲದಕ್ಕೂ ಸಾಕ್ಷಿ ಕೇಳ್ತಾ ಕೂತರೆ ಊಟದ ತಟ್ಟೆಯೂ ಮುಟ್ಟೋಕಾಗಲ್ಲ. ಅಮೆರಿಕದ ವಿಲಿಯಂ ಜೇಮ್ಸ್ 1896ರಲ್ಲಿ ಅವನಿಗೆ ಉತ್ತರ ಕೊಟ್ಟ. ಕೆಲವು ವಿಷಯಗಳಲ್ಲಿ ಸಾಕ್ಷಿ ಬರೋವರೆಗೂ ಕಾಯೋಕಾಗಲ್ಲ, ನಂಬಿ ಹೆಜ್ಜೆ ಇಡಲೇಬೇಕು ಅಂತ. ನನ್ನ ಪರ ಒಬ್ಬ ದೊಡ್ಡ ವಕೀಲ ಸಿಕ್ಕ ಅಂತ ಖುಷಿಪಟ್ಟೆ. ಆದರೆ ಸ್ವಲ್ಪ ಮುಂದೆ ಓದಿದರೆ ಜೇಮ್ಸ್ ಹೇಳ್ತಿರೋದು ಸಾಕ್ಷಿಯಿಂದ ತೀರ್ಮಾನ ಆಗದ ಪ್ರಶ್ನೆಗಳ ಬಗ್ಗೆ. ನಮ್ಮ ಪ್ರಶ್ನೆಗೆ ಒಂದು ಟಾರ್ಚು, ಒಂದು ಶನಿವಾರ ಸಾಕಿತ್ತು.

ಶನಿವಾರ ಹುಡುಕಿದೆವು. ಸೋರಿಕೆ ಹುಡುಕೋದರಲ್ಲಿ 'ಎಲ್ಲಿ' ಅನ್ನೋದಕ್ಕಿಂತ ಮೊದಲು 'ಯಾವಾಗ' ಅಂತ ಕೇಳಬೇಕು. ಬಗ್ ಹುಡುಕಿದವರಿಗೆ ಇದು ಹೊಸದಲ್ಲ. ಮಳೆ ಬಂದಾಗ ಮಾತ್ರ ನೀರು ಬಂದರೆ ಅದು ಮೇಲಿಂದ ಬಂದದ್ದು, ತಳದ ತಪ್ಪಲ್ಲ. ಎಂಜಿನ್ ಓಡುವಾಗ ಮಾತ್ರ ಬಂದರೆ, ತಂಪು ಮಾಡೋಕೆ ಹೊರಗಿಂದ ನೀರು ಎಳೆಯೋ ಪೈಪು, ಕ್ಲಾಂಪು, ನೀರಿನ ಪಂಪು ಇವುಗಳಲ್ಲಿ ಎಲ್ಲೋ. ಇದನ್ನ ದಡದಲ್ಲೇ, ಕಾಲಿಗೆ ನಳದ ನೀರು ಕೊಟ್ಟು ಎಂಜಿನ್ ಓಡಿಸಿ ನೋಡಬಹುದು. ಸುಮ್ಮನೆ ತೇಲ್ತಾ ನಿಂತಾಗಲೂ ಬಂದರೆ ತಳದ ಬಿರಡೆ, ಹಿಂಗೋಡೆಯ ಸೀಲು, ಇಲ್ಲಾ ಬೆಲೋಸ್. ಸಮುದ್ರವಾಗಿದ್ದರೆ ನಾಲಗೆಗೆ ಹಚ್ಚಿ ಉಪ್ಪು ನೋಡಿ ಮಳೆ ನೀರನ್ನ ಬೇರೆ ಮಾಡಬಹುದು. ಸಿಹಿನೀರಿನ ಸರೋವರದಲ್ಲಿ ಆ ಸುಖವಿಲ್ಲ.

ಬಿಲ್ಜನ್ನ ಬಟ್ಟೆಯಿಂದ ಒರೆಸಿ ಒಣಗಿಸಿದೆವು. ಒಳಗೋಡೆಗೆಲ್ಲ ಪೌಡರ್ ಉದುರಿಸಿದೆವು; ಒಂದು ಹನಿ ಇಳಿದರೂ ಗೆರೆ ಬೀಳಲಿ ಅಂತ. ಟ್ರೇಲರಿಗೆ ಕಟ್ಟಿದ ಹಾಗೇ ದೋಣಿಯನ್ನ ನೀರಿಗಿಳಿಸಿ, ಎಂಜಿನ್ ಹಚ್ಚದೆ, ಇಬ್ಬರೂ ತಲೆ ಕೆಳಗೆ ಮಾಡಿ ಮಲಗಿದೆವು. ಹತ್ತು ನಿಮಿಷಕ್ಕೆ ಬಿಳಿ ಪೌಡರಿನ ಮೇಲೆ ಕಪ್ಪು ಗೆರೆಯೊಂದು ಇಳೀತು. ದೊಡ್ಡ ಬೆಲೋಸಿನಿಂದಲ್ಲ. ಗೇರಿನ ಕೇಬಲ್ ಒಳಗೆ ಬರೋ ಕಡೆ, ಬೆರಳಿಗಿಂತ ಸ್ವಲ್ಪ ದಪ್ಪದ ಸಣ್ಣ ಬೆಲೋಸ್ ಒಂದಿದೆ, ಅಲ್ಲಿಂದ. ದೊಡ್ಡದನ್ನ ಎಲ್ಲರೂ ಬದಲಾಯಿಸ್ತಾರೆ, ಇದನ್ನ ಮರೀತಾರೆ. ಆರು ನಟ್ಟು ಬಿಚ್ಚಿ, ಇಬ್ಬರೂ ಸೇರಿ ಕಾಲನ್ನ ಕೆಳಗಿಳಿಸಿ ನೋಡಿದರೆ, ತುಕ್ಕು ಹಿಡಿದ ಕ್ಲಾಂಪಿನ ಪಕ್ಕದ ಮಡಿಕೆಯಲ್ಲಿ ಉಗುರಿನಷ್ಟು ಸೀಳು. ರಬ್ಬರನ್ನ ಬೆರಳಲ್ಲಿ ಹಿಗ್ಗಿಸಿ ಆಕಾಶಕ್ಕೆ ಹಿಡಿದೆ. ಬೆಳಕು ಬಂತು.

ಬಿಚ್ಚಿದ್ದೇ ಆಯ್ತು ಅಂತ ದೊಡ್ಡ ಬೆಲೋಸನ್ನೂ ಹೊಸದು ಹಾಕಿದೆವು. ಎರಡು ವಾರಾಂತ್ಯ, ಮೂರು ಗೆಣ್ಣು ಕೆತ್ತಿಹೋಯ್ತು. ಕೊಳ್ಳೋಕೆ ಬಂದವನು ಸಣ್ಣ ವಯಸ್ಸಿನವನು, ಹೆಂಡತಿ, ನಾಲ್ಕೈದು ವರ್ಷದ ಮಗು. ಎಲ್ಲ ಹೇಳಿದೆವು, ಹಳೇ ರಬ್ಬರನ್ನೂ ಕೈಗೆ ಕೊಟ್ಟೆವು. ನೀವು ಕಟ್ಟಿ ನಿಲ್ಲಿಸಿದಾಗ ಪಂಪು ಎಷ್ಟು ಸಲ ಓಡ್ತು ಅಂತ ಎಣಿಸೋ ಪುಟ್ಟ ಮೀಟರು ಬರುತ್ತೆ, ಹಾಕಿಸಿಕೊಳ್ಳಿ ಅಂತಲೂ ಹೇಳಿದೆ. ಅವನು ತಾಳ್ಮೆಯಿಂದ ಕೇಳಿಸಿಕೊಂಡು, "ಸ್ಪೀಕರಿಗೆ ಬ್ಲೂಟೂತ್ ಇದೆಯಾ?" ಅಂದ.

ಇಲ್ಲಿಗೆ ನಿಲ್ಲಿಸಿದರೆ ನಾನು ಒಳ್ಳೆಯವನಾಗಿ ಕಾಣ್ತೀನಿ. ಆದರೆ ಅದೇ ತಿಂಗಳು ನಾನು ಇನ್ನೊಂದು ವಸ್ತುವನ್ನೂ ಬೇರೆಯವರಿಗೆ ಒಪ್ಪಿಸಿದೆ. ಔಷಧ ಅಂಗಡಿಗಳಿಂದ ಆರ್ಡರ್ ತಗೊಳ್ಳೋ ಒಂದು ಸಿಸ್ಟಮ್, ವರ್ಷಗಟ್ಟಲೆ ನಾನೇ ನೋಡಿಕೊಂಡಿದ್ದು. ಅದರಲ್ಲೊಂದು ಮೆಮೊರಿ ಲೀಕ್ ಇತ್ತು. ನಾಲ್ಕು ದಿನ ಬಿಟ್ಟರೆ ಮೆಮೊರಿ ತುಂಬಿ ಸರ್ವರ್ ಬೀಳ್ತಿತ್ತು. ಹಾಗಾಗಿ ರಾತ್ರಿ ಮೂರಕ್ಕೆ ಎಲ್ಲವನ್ನೂ ರೀಸ್ಟಾರ್ಟ್ ಮಾಡೋ ಹನ್ನೊಂದು ಸಾಲಿನ ಸ್ಕ್ರಿಪ್ಟ್ ಬರೆದಿಟ್ಟಿದ್ದೆ. ಮೊದಲ ಸಾಲಿನಲ್ಲಿ 'ಟೆಂಪರರಿ' ಅಂತ ಕಾಮೆಂಟ್ ಬೇರೆ. ಬೆಂಗಳೂರಿಗೆ ಬಂದು ಬೇರೆ ಟೀಮಿಗೆ ಹೋಗುವಾಗ ಹಸ್ತಾಂತರದ ಕಾಗದ ಬರೆದೆ. ಅದರಲ್ಲಿ 'ಗೊತ್ತಿರುವ ಸಮಸ್ಯೆಗಳು' ಅನ್ನೋ ಕಾಲಮ್ಮಿದೆ. 'ಇಲ್ಲ' ಅಂತ ತುಂಬಿದೆ. ಸುಳ್ಳು ಬರೀತಿದ್ದೀನಿ ಅಂತ ಆಗ ಅನ್ನಿಸಲೇ ಇಲ್ಲ. ರಾತ್ರಿ ಮೂರರ ಸದ್ದು ನನಗೆ ಕೇಳಿಸೋದು ಯಾವತ್ತೋ ನಿಂತುಹೋಗಿತ್ತು.

ಆರು ತಿಂಗಳ ಮೇಲೆ ಒಂದು ಫೋನ್ ಬಂತು. ಸಿಸ್ಟಮ್ ವಹಿಸಿಕೊಂಡ ಹುಡುಗಿ, ಕೆಲಸಕ್ಕೆ ಸೇರಿ ಎರಡು ವರ್ಷವೂ ಆಗಿಲ್ಲ. ಅಂಗಡಿಗಳು ಹೆಚ್ಚಾಗಿದ್ದವು, ತಿಂಗಳ ಕೊನೆ, ರಾತ್ರಿ ಮೂರರವರೆಗೂ ಕಾಯದೆ ಸಂಜೆ ಏಳಕ್ಕೇ ಸರ್ವರ್ ಬಿದ್ದಿತ್ತು. ಅವಳು ಬೆಳಗಿನವರೆಗೂ ಕೂತು, ಸಿಕ್ಕಿಹಾಕಿಕೊಂಡ ಆರ್ಡರುಗಳನ್ನ ಒಂದೊಂದಾಗಿ ಮತ್ತೆ ಕಳಿಸಿದ್ದಳು. ದನಿಯಲ್ಲಿ ಸಿಟ್ಟಿರಲಿಲ್ಲ.

"ಸರ್, ಇಲ್ಲೊಂದು ರೀಸ್ಟಾರ್ಟ್ ಸ್ಕ್ರಿಪ್ಟ್ ಇದೆ, ನಿಮ್ಮ ಹೆಸರಿದೆ. ಇದು ಯಾಕಿದೆ ಅಂತ ಗೊತ್ತಾ?"

ಗೊತ್ತಿಲ್ಲ ಅನ್ನೋ ಮಾತು ನಾಲಗೆ ತುದಿಗೆ ಬಂದಿತ್ತು. ಒಂದು ಕ್ಷಣ ತಡೆದು, ಗೊತ್ತು ಅಂದೆ. ಲೀಕ್ ಎಲ್ಲಿದೆ ಅಂತ ಮಾತ್ರ ನಿಜಕ್ಕೂ ಗೊತ್ತಿಲ್ಲ, ಹುಡುಕಿಯೇ ಇಲ್ಲ ಅಂದೆ. ಆ ಕಡೆಯಿಂದ ಸ್ವಲ್ಪ ಹೊತ್ತು ಸದ್ದಿಲ್ಲ. ಆಮೇಲೆ ಅವಳು, "ಶನಿವಾರ ಫ್ರೀ ಇದ್ದೀರಾ ಸರ್?" ಅಂದಳು.

ಎರಡು ಶನಿವಾರ ಬೇಕಾಯ್ತು. ಸಿಕ್ಕಮೇಲೆ, ಸ್ಕ್ರಿಪ್ಟ್ ಅಳಿಸಿಬಿಡ್ಲಾ ಅಂತ ಕೇಳಿದಳು. ಸದ್ಯಕ್ಕೆ ಇರಲಿ, ಆದರೆ ಗಂಟೆ ನೋಡಿ ಓಡೋ ಬದಲು ಮೆಮೊರಿ ತುಂಬಿದಾಗ ಮಾತ್ರ ಓಡೋ ಹಾಗೆ ಮಾಡು, ಓಡಿದಾಗೆಲ್ಲ ನಮ್ಮಿಬ್ಬರಿಗೂ ಮೇಲ್ ಬರಲಿ ಅಂದೆ. ಎರಡು ತಿಂಗಳಾಯ್ತು. ಹೋದ ಮಂಗಳವಾರ ಒಂದು ಬಂದಿದೆ.